ಪುಡಿಯ ಕೆಳಗಿನ ಬೆಂಕಿ

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನನ್ನ ಓರಗೆಯವರಿಗೆ ಇರಲಿಲ್ಲ. ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯುವ ಉಮೇದೂ ನನಗಿಲ್ಲ. ಹಾಗಾಗಿ ಇಲ್ಲಿ ಅವರು ಉದ್ದಕ್ಕೂ ‘ಇವರು’ ಆಗಿಯೇ ಇರುತ್ತಾರೆ. ಇವರು ವೆಲ್ಡರ್. ಹಾಗೆಂದು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ವೆಲ್ಡರ್ ಎನ್ನಬೇಕೋ, ವೆಲ್ಡರ್ ಆಗಿದ್ದರು ಎನ್ನಬೇಕೋ ಎಂಬುದು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಎತ್ತದ ಮಾತು.

ನಾನು ಅಂಕೋಲೆ ತಾಲೂಕಿನ ಹಟ್ಟಿಕೇರಿಯವಳು, ಗದ್ದೆ ಮಾಡುವವರ ಮಗಳು. ಮದುವೆಯಾಗಿ ಬಂದದ್ದು ಕಾರವಾರದ ಕೋಡಿಬಾಗಕ್ಕೆ. ಹುಡುಗ ಕಬ್ಬಿಣ ಅಂಟಿಸುವವನು ಎಂದು ಕೇಳಿ ಅಪ್ಪನ ಮುಖ ಸಣ್ಣದಾಗಿತ್ತು. ಕುಡಿಯುವುದಿಲ್ಲವಂತೆ ಎಂದು ಗೊತ್ತಾದ ಮೇಲೆ ಅಮ್ಮ ಒಪ್ಪಿದಳು, ಅಮ್ಮ ಒಪ್ಪಿದ ಮೇಲೆ ಅಪ್ಪ ಒಪ್ಪಲೇಬೇಕಿತ್ತು. ಗಂಡನ ಮನೆಯಲ್ಲಿ ಕೊಂಕಣಿ, ನನ್ನ ಬಾಯಲ್ಲಿ ಅಂಕೋಲೆಯ ಕನ್ನಡ. ಅತ್ತೆ ಬೈದರೂ ಅರ್ಥವಾಗದೆ ನಾನು ನಗುತ್ತಿದ್ದೆನಂತೆ, ಅದರಿಂದಲೇ ಅತ್ತೆಗೆ ನಾನು ಒಳ್ಳೆಯ ಸೊಸೆ ಅನಿಸಿದ್ದು ಎಂದು ಇವರು ಚೇಷ್ಟೆ ಮಾಡುತ್ತಿದ್ದರು. ನನ್ನ ಜೊತೆ ಮಾತ್ರ ಇವರು ಕನ್ನಡದಲ್ಲೇ ಮಾತನಾಡುತ್ತಿದ್ದರು, ಮಾತನಾಡಿದಷ್ಟು.

ಕಾಳಿ ನದಿಯ ದಂಡೆಯಲ್ಲಿ ಒಂದು ತಗಡಿನ ಶೆಡ್ಡಿತ್ತು. ಮೀನುಗಾರಿಕೆಯ ಬೋಟುಗಳ ಕಬ್ಬಿಣದ ಕೆಲಸವೆಲ್ಲ ಅಲ್ಲಿಗೆ ಬರುತ್ತಿತ್ತು: ಬಲೆ ಎಳೆಯುವ ರಾಟೆ, ಚುಕ್ಕಾಣಿ, ಎಂಜಿನ್ ಕೂರಿಸುವ ಚೌಕಟ್ಟು. ಇವರು ಮೀಸೆ ಮೂಡುವ ಮೊದಲೇ ಅಲ್ಲಿ ಸೇರಿದವರು. ನಾನು ಮಧ್ಯಾಹ್ನದ ಬುತ್ತಿ ಒಯ್ದಾಗ ಕಪ್ಪು ಗಾಜಿನ ಹಿಂದೆ ಕೂತಿರುತ್ತಿದ್ದರು. ನೋಡಬೇಡ, ಆಚೆ ತಿರುಗು ಎಂದು ಕೈಸನ್ನೆ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ಸಣ್ಣ ಸುತ್ತಿಗೆಯಿಂದ ಮೇಲಿನ ಕರಿ ಹೊಪ್ಪಳೆ ತಟ್ಟಿ ಉದುರಿಸಿ, ಈಗ ನೋಡು ಎನ್ನುತ್ತಿದ್ದರು. ಎರಡು ಕಬ್ಬಿಣ ಕೂಡಿದಲ್ಲಿ ಬಿಗಿಯಾಗಿ ಹೆಣೆದ ಜಡೆಯಂಥ ಗೆರೆ. ನನಗೆ ಕಬ್ಬಿಣದ ಹುಚ್ಚಿಲ್ಲ, ಆದರೂ ಅದು ಚೆಂದ ಇರುತ್ತಿತ್ತು.

ಕೆಲವರು ವೆಲ್ಡಿಂಗ್ ಮಾಡಿದ ಮೇಲೆ ಗ್ರೈಂಡರ್ ಹಿಡಿದು ಗೆರೆಯನ್ನು ಉಜ್ಜಿ ನುಣ್ಣಗೆ ಮಾಡುತ್ತಾರೆ. ಇವರು ಅದನ್ನು ಮಾಡುತ್ತಿರಲಿಲ್ಲ. ಮುಚ್ಚಿಡುವಂಥದ್ದು ಇದ್ದವರು ಉಜ್ಜಲಿ ಎನ್ನುತ್ತಿದ್ದರು. ಇವರ ಬಾಯಲ್ಲಿ ನಾನು ಕೇಳಿದ ಜಂಬದ ಮಾತು ಅದೊಂದೇ.

ಸಂಕಟ ಇದ್ದದ್ದು ಕಣ್ಣಿನದು. ಎಷ್ಟೇ ಗಾಜು ಹಿಡಿದರೂ ಒಮ್ಮೊಮ್ಮೆ ಬೆಳಕು ಹೊಡೆಯುತ್ತಿತ್ತು. ಸಂಜೆ ಮನೆಗೆ ಬಂದು ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ ಮರಳು ತುಂಬಿದ ಹಾಗೆ ಉರಿ, ನೀರು. ಬಟಾಟೆಯ ಬಿಲ್ಲೆ ಕೊಯ್ದು ರೆಪ್ಪೆಯ ಮೇಲೆ ಇಡುತ್ತಿದ್ದೆ. ಅದಕ್ಕೂ ಬಗ್ಗದಿದ್ದರೆ ಬಾಣಂತಿಯ ಎದೆಹಾಲು. ಕೇರಿಯಲ್ಲಿ ಯಾರ ಮನೆಯಲ್ಲಿ ಹೆರಿಗೆ ಆಗಿದೆ ಎಂದು ನನಗೆ ಸೂಲಗಿತ್ತಿಗಿಂತ ಚೆನ್ನಾಗಿ ಗೊತ್ತಿರುತ್ತಿತ್ತು. ಬಟ್ಟಲು ಹಿಡಿದು ಹೋದರೆ ಹೆಂಗಸರು, ಬಂದಳು ನೋಡು, ಗಂಡನಿಗೆ ಇನ್ನೂ ಹಾಲು ಬಿಡಿಸಿಲ್ಲ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೊಳಗೆ ಹೆದರುತ್ತಿದ್ದೆ. ಇನ್ನೆಷ್ಟು ವರ್ಷ ಈ ಕಣ್ಣು ತಡೆದೀತು?

ಅರ್ಗಾದ ಕಡೆ ನೌಕಾನೆಲೆಯ ದೊಡ್ಡ ಕೆಲಸ ನಡೆದಿದ್ದ ವರ್ಷಗಳು ಅವು, ಎರಡು ಸಾವಿರದ ಇಸವಿಯ ಆಸುಪಾಸು. ಹೆದ್ದಾರಿಯ ಪಕ್ಕ ಖಾಸಗಿಯವರು ಯಾರೋ ಒಂದು ಯಾರ್ಡು ತೆರೆದರು. ದಪ್ಪ ಕಬ್ಬಿಣದ ಹಾಳೆಯನ್ನು ಸುರುಳಿ ಮಾಡಿ, ಆಳು ಒಳಗೆ ನಿಂತರೂ ತಲೆ ತಾಗದಂಥ ಕೊಳವೆ ಮಾಡುವ ಕೆಲಸ. ವೆಲ್ಡರುಗಳು ಬೇಕು ಎಂದು ಸುದ್ದಿ ಹಬ್ಬಿತು. ಇವರೂ ಹೋಗಿ ಕೈ ಪರೀಕ್ಷೆ ಕೊಟ್ಟು ಬಂದರು. ಎರಡು ತುಂಡು ಕೂಡಿಸಲು ಹೇಳಿದರಂತೆ, ಕೂಡಿಸಿದ್ದನ್ನು ಬಗ್ಗಿಸಿ ನೋಡಿದರಂತೆ, ಮುರಿಯಲಿಲ್ಲವಂತೆ. ಅಷ್ಟು ಒಳ್ಳೆಯ ಕೈ ಎಂದು ಮೆಚ್ಚಿ ಇವರನ್ನು ಕೈಕೆಲಸಕ್ಕೆ ಹಾಕಲಿಲ್ಲ, ಮಶೀನಿಗೆ ಹಾಕಿದರು. ಆಗ ಇದರಲ್ಲಿ ವಿಚಿತ್ರ ಏನಾದರೂ ಇದೆ ಎಂದು ನಮಗಿಬ್ಬರಿಗೂ ಅನಿಸಲಿಲ್ಲ. ಬಡ್ತಿ ಎಂದೇ ತಿಳಿದೆವು.

ಆ ಮಶೀನು ಹೇಗಿರುತ್ತದೆ ಎಂದು ಇವರು ಊಟದ ತಟ್ಟೆಯ ಪಕ್ಕ ಅನ್ನದ ಅಗುಳು ಜೋಡಿಸಿ ತೋರಿಸಿದ್ದು ನೆನಪಿದೆ. ಒಂದು ಸಣ್ಣ ಬಂಡಿ, ಹಳಿಯ ಮೇಲೆ ಮೆಲ್ಲಗೆ ತೆವಳುತ್ತದೆ. ಮುಂದೆ ಮರಳಿನಂಥ ಪುಡಿ ಸುರಿಯುತ್ತ ಹೋಗುತ್ತದೆ. ತಂತಿ ಆ ಪುಡಿಯೊಳಗೆ ಇಳಿದು ಅಲ್ಲೇ ಉರಿಯುತ್ತದೆ. ಬೆಂಕಿ ಹೊರಗೆ ಕಾಣುವುದೇ ಇಲ್ಲ. ಕಿಡಿ ಇಲ್ಲ, ಕಪ್ಪು ಗಾಜು ಬೇಡ. ಆಪರೇಟರ್ ಆದವನು ಕರೆಂಟು ಎಷ್ಟು, ಬಂಡಿಯ ಓಟ ಎಷ್ಟು ಎಂದು ಗುಂಡಿ ತಿರುಗಿಸಿ ಇಡಬೇಕು, ತಂತಿಯ ತುದಿ ಜಾಯಿಂಟಿನ ಮೇಲೇ ಇದೆಯೋ ನೋಡಬೇಕು, ಉಳಿದ ಪುಡಿಯನ್ನು ಬಾಚಿ ಮತ್ತೆ ತುಂಬಬೇಕು. ಅಷ್ಟೆ. ನನಗೆ ಅದನ್ನು ಕೇಳಿ ಆದ ಸಂತೋಷ ಹೇಳತೀರದು. ಆ ಬೆಂಕಿಯನ್ನು ಪುಡಿಯಲ್ಲಿ ಹೂತುಹಾಕಿದ ಪುಣ್ಯಾತ್ಮ ಯಾವ ದೇಶದವನೋ, ಅವನ ಹೊಟ್ಟೆ ತಣ್ಣಗಿರಲಿ ಎಂದು ದೇವರ ಮುಂದೆ ದೀಪ ಹಚ್ಚಿದೆ. ಆಮೇಲೆ ನಮ್ಮ ಮನೆಯಲ್ಲಿ ಬಟಾಟೆ ಪಲ್ಯಕ್ಕೆ ಮಾತ್ರ ಬಂತು.

ಇವರಿಗೆ ಮಾತ್ರ ಅಷ್ಟು ಸಂತೋಷ ಇದ್ದ ಹಾಗೆ ಕಾಣಲಿಲ್ಲ. ಒಂದು ದಿನ ಅಂಗಳದಲ್ಲಿ ಕೂತು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: “ಬೆಂಕಿ ಕಾಣೂದೇ ಇಲ್ಲ ನೋಡು. ಒಳಗೆ ಉರೀತದೆ ಹೇಳಿ ನಂಬ್ಕಂಡು ಕೂರೂದು.”

ಕಾಣದಿದ್ದರೆ ಒಳ್ಳೆಯದೇ ಆಯಿತಲ್ಲ, ಕಂಡು ಕಂಡು ಕಣ್ಣು ಹಾಳಾದದ್ದು ಸಾಲದೇ ಎಂದು ನಾನು ಸಿಡುಕಿದೆ. ನನ್ನ ಸಿಡುಕಿಗೆ ಸುಮ್ಮನಾಗುವುದು ಇವರ ಹಳೆಯ ಅಭ್ಯಾಸ.

ಯಾರ್ಡಿನ ಸಂಬಳ ನೆಟ್ಟಗೆ ಬರುತ್ತಿತ್ತು. ಮಗಳನ್ನು ಒಳ್ಳೆಯ ಶಾಲೆಗೆ ಹಾಕಿದೆವು. ಒಂದು ನಷ್ಟ ಮಾತ್ರ ಆಯಿತು, ಅದನ್ನು ನಾನು ನಷ್ಟ ಎಂದು ಗೊಣಗುತ್ತಲೂ ಇದ್ದೆ: ಮನೆಗೆ ಮೀನು ಬರುವುದು ನಿಂತಿತು.

ಅದನ್ನು ಬಿಡಿಸಿ ಹೇಳಬೇಕು. ಕೋಡಿಬಾಗದ ದಂಡೆಯಲ್ಲಿ ಒಂದು ನಡಾವಳಿ ಇತ್ತು. ಬೋಟಿನ ಕಬ್ಬಿಣದ ಕೆಲಸ ಮಾಡಿಸಿಕೊಂಡವರು ಕೂಲಿಯನ್ನು ಶೆಡ್ಡಿಗೆ ಕೊಡುತ್ತಿದ್ದರು, ಅದು ಬೇರೆ ಲೆಕ್ಕ. ಆದರೆ ರಿಪೇರಿ ಆದ ಬೋಟು ಮೊದಲ ಸಲ ಸಮುದ್ರಕ್ಕೆ ಹೋಗಿ ಬಂದ ದಿನ, ಆ ಬಲೆಯ ಮೀನಿನಲ್ಲಿ ಒಂದು ಪಾಲು ವೆಲ್ಡರನ ಮನೆಗೆ ಬರುತ್ತಿತ್ತು. ಗಂಡಸರು ತರುವುದಿಲ್ಲ, ಬೋಟಿನ ಮನೆಯ ಹಿರಿಯ ಹೆಂಗಸು ಬುಟ್ಟಿಯಲ್ಲಿ ಎಲೆ ಮುಚ್ಚಿ ಹಿತ್ತಲ ಬಾಗಿಲಿಗೆ ತಂದು ಕೊಡುತ್ತಾಳೆ. ಮೀನು ಬಂತು ಎಂದರೆ ಕೂಡಿಸಿದ ಕಬ್ಬಿಣ ಗಟ್ಟಿ ನಿಂತಿದೆ ಎಂದು ಅರ್ಥ. ಬರಲಿಲ್ಲ ಎಂದರೆ ಎಲ್ಲೋ ಎಡವಟ್ಟಾಗಿದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಸಮುದ್ರದ ಮೇಲೆ ಓಡಾಡುವ ಬೋಟಿನ ಬಗ್ಗೆ ಬಿರುಕು, ಮುರಿತ ಎಂಬ ಮಾತನ್ನು ನೆಲದ ಮೇಲೆ ನಿಂತು ಆಡಬಾರದು ಎಂಬುದು ಆ ಜನರ ನಂಬಿಕೆ. ಮೀನು ಬಾರದಿದ್ದರೆ ವೆಲ್ಡರ್ ತಾನಾಗಿಯೇ ಸಾಮಾನು ಎತ್ತಿಕೊಂಡು ದಂಡೆಗೆ ಹೋಗಬೇಕು, ಯಾರನ್ನೂ ಏನನ್ನೂ ಕೇಳದೆ ಹಳೆಯದನ್ನು ಕೊಯ್ದು ಹೊಸದಾಗಿ ಕೂಡಿಸಬೇಕು. ಇವರಿಗೆ ಹಾಗಾದದ್ದು ನಾನು ಬಂದ ಮೇಲೆ ಒಂದು ಸಲ. ಮಾರನೆಯ ದಿನ ಮೀನು ಬಂತು.

ಯಾರ್ಡು ಸೇರಿದ ಹೊಸತರಲ್ಲಿ ರಜೆಯ ದಿನ ಶೆಡ್ಡಿಗೆ ಹೋಗಿ ಸಣ್ಣಪುಟ್ಟ ಕೆಲಸ ಮಾಡಿ ಬರುತ್ತಿದ್ದರು. ಆಮೇಲೆ ಪಾಳಿಯ ಕೆಲಸ ಬಂತು, ರಜೆಯ ದಿನ ನಿದ್ದೆಗೇ ಸಾಲದು. ಶೆಡ್ಡಿಗೆ ಬೇರೆ ಕೈಗಳು ಬಂದವು. ಶೆಡ್ಡಿನ ಯಜಮಾನರು ಒಮ್ಮೆ ದಾರಿಯಲ್ಲಿ ಸಿಕ್ಕಾಗ, ಮಶೀನು ಕೈಕೆಲಸದವರನ್ನೆಲ್ಲ ನುಂಗುತ್ತದೆ ನೋಡುತ್ತಿರು ಎಂದಿದ್ದರು. ಇವರು ಮನೆಗೆ ಬಂದು ಅದನ್ನು ನಗುತ್ತ ಹೇಳಿದರು. ನುಂಗಿದರೆ ಕೈಕೆಲಸದವರನ್ನು ನುಂಗೀತು, ನಾನು ಮಶೀನಿನ ಕಡೆಯವನಲ್ಲವೇ ಎಂದರು. ನನಗೂ ಅದು ಸರಿ ಎಂದೇ ತೋರಿತು.

ಹೀಗೆ ವರ್ಷಗಳು ಕಳೆದವು. ಆಮೇಲೆ ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಯಾರ್ಡಿಗೆ ಇನ್ನೊಂದು ಮಶೀನು ಬಂತು. ಅದನ್ನು ನಾನು ಕಣ್ಣಾರೆ ಕಂಡದ್ದು ಆಯುಧಪೂಜೆಯ ದಿನ. ಆ ದಿನ ಕೆಲಸಗಾರರ ಮನೆಯವರನ್ನೂ ಕರೆಯುತ್ತಿದ್ದರು, ಅವಲಕ್ಕಿ ಪಂಚಕಜ್ಜಾಯ ಹಂಚುತ್ತಿದ್ದರು. ತಾನು ನಡೆಸುವ ಮಶೀನನ್ನು ತಾನೇ ತೊಳೆದು, ಹೂ ಹಾಕಿ, ಆರತಿ ಎತ್ತುವುದು ಅಲ್ಲಿಯ ಕ್ರಮ. ಇವರೂ ತಮ್ಮ ಬಂಡಿಗೆ ಚೆಂಡುಹೂವಿನ ಮಾಲೆ ಹಾಕಿ ಕುಂಕುಮ ಹಚ್ಚಿದರು. ಹೊಸ ಮಶೀನು ಆಚೆ ಒಂಟಿಯಾಗಿ ನಿಂತಿತ್ತು. ದೊಡ್ಡ ಕಂಬ, ಅದಕ್ಕೆ ಉದ್ದನೆಯ ತೋಳು, ತುದಿಯಲ್ಲಿ ಸಣ್ಣ ಕ್ಯಾಮರಾ. ಗಾಜಿನ ಗೂಡಿನಲ್ಲಿ ಒಬ್ಬನೇ ಕೂತು ಇಂಥ ನಾಲ್ಕನ್ನು ನಡೆಸಬಹುದಂತೆ. ತಂತಿಯ ತುದಿ ಜಾಯಿಂಟಿನ ಮೇಲೆ ಇದೆಯೋ ಇಲ್ಲವೋ ಎಂದು ಅದು ತಾನೇ ನೋಡಿಕೊಳ್ಳುತ್ತದಂತೆ. ಪುಡಿಯನ್ನೂ ತಾನೇ ಹೀರಿಕೊಳ್ಳುತ್ತದಂತೆ.

ಅದಕ್ಕೆ ಪೂಜೆ ಮಾಡುವವರು ಯಾರೂ ಇರಲಿಲ್ಲ, ಅದನ್ನು ನಡೆಸುವವನೇ ಇನ್ನೂ ಬಂದಿರಲಿಲ್ಲ. ಮೇಲಿನವರು, ಯಾರಾದರೂ ಬನ್ನಿ ಎಂದು ಕರೆದರು. ಆಪರೇಟರುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಅವರಲ್ಲಿ ಯಾರೂ ದಡ್ಡರಿರಲಿಲ್ಲ, ಅದು ಯಾರ ಅನ್ನಕ್ಕೆ ಬಂದಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಹೋದದ್ದು ಇವರು. ತಮ್ಮ ಬಂಡಿಯ ಮಾಲೆಯಿಂದ ಅರ್ಧ ಹರಿದು ಅದಕ್ಕೆ ಹಾಕಿ, ಆರತಿ ಎತ್ತಿ, ಅದರ ಕಾಲ ಬಳಿ ತೆಂಗಿನಕಾಯಿ ಒಡೆದರು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಬೈದೆ. ಇಷ್ಟು ಜನ ಇರುವಾಗ ಅದಕ್ಕೆ ಆರತಿ ಎತ್ತಲು ನಿಮ್ಮ ಕೈಯೇ ಬೇಕಾಗಿತ್ತೇ ಎಂದೆ. ಹಬ್ಬದ ದಿನ ಒಂದು ಮಶೀನನ್ನು ಹೂವಿಲ್ಲದೆ ನಿಲ್ಲಿಸಲು ಬರುವುದಿಲ್ಲ ಎಂದಷ್ಟೇ ಹೇಳಿದರು.

ಮುಂದಿನ ಮಳೆಗಾಲಕ್ಕೆ ಮೊದಲು ಇವರಿಗೂ ಇನ್ನು ಕೆಲವು ಆಪರೇಟರುಗಳಿಗೂ ಕೆಲಸ ಇಲ್ಲವೆಂದಾಯಿತು. ಗಾಜಿನ ಗೂಡಿಗೆ ಡಿಪ್ಲೊಮಾ ಓದಿದ ಹುಡುಗನನ್ನು ಕೂರಿಸಿದರು. ಅದನ್ನು ಹೇಳಿದ ಅಧಿಕಾರಿ ಒಳ್ಳೆಯವನೇ. ಕೈಹಿಡಿದು ಮಾತನಾಡಿಸಿ, ಚಹಾ ಕುಡಿಸಿ, ಹೊಸ ಕೆಲಸ ಬಂದರೆ ಖಂಡಿತ ಕರೆಯುತ್ತೇವೆ ಎಂದನಂತೆ. ನನಗೆ ಅದೇ ದೊಡ್ಡ ಸಿಟ್ಟು. ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ಬಾಯಿತುಂಬ ಶಪಿಸಿ ಹಗುರಾಗುತ್ತಿದ್ದೆ. ಚಹಾ ಕುಡಿಸಿ ಕಳಿಸಿದವನನ್ನು ಏನೆಂದು ಬೈಯುವುದು?

ಇವರು ಧೈರ್ಯವಾಗಿಯೇ ಇದ್ದರು. “ನಂಗೆ ಕೈ ಅದೆಯಲ್ಲ,” ಎಂದರು. “ಮಶೀನು ಹೋದ್ರೆ ಹೋಗ್ಲಿ. ಶೆಡ್ಡು ಎಲ್ಲೂ ಹೋಗಿಲ್ಲ.”

ಆ ಮಾತಿನ ಮೇಲೆ ನಮ್ಮ ಮನೆ ನಿಂತಿತ್ತು. ನಾನು ಅದನ್ನು ನಂಬಿ ಅಕ್ಕಿ ತೊಳೆದೆ, ನಂಬಿ ಮಗಳ ಶಾಲೆಯ ಬಟ್ಟೆ ಹೊಲಿಸಿದೆ. ಕೈ ಒಂದು ಇದ್ದರೆ ಉಳಿದದ್ದೆಲ್ಲ ಹೇಗೋ ಆದೀತು ಎಂದುಕೊಂಡೆ.

ಮಳೆಗಾಲದಲ್ಲಿ ಬೋಟುಗಳು ಸಮುದ್ರಕ್ಕೆ ಇಳಿಯುವುದಿಲ್ಲ. ಎಲ್ಲವನ್ನೂ ದಂಡೆಗೆ ಎಳೆದು ರಿಪೇರಿ ಮಾಡಿಸುವ ಕಾಲ ಅದು, ಶೆಡ್ಡಿಗೆ ಕೈತುಂಬ ಕೆಲಸ. ಇವರ ಬಾಲ್ಯದ ಗೆಳೆಯನೊಬ್ಬ ಬೋಟು ನಡೆಸುವ ತಾಂಡೇಲ. ಇವರು ಯಾರ್ಡಿಗೆ ಹೋಗುವ ತನಕ ಅವನ ಬೋಟಿನ ಕಬ್ಬಿಣವೆಲ್ಲ ಇವರದೇ ಕೈಯಿಂದ. ಇವರು ಶೆಡ್ಡಿಗೆ ಮರಳಿದರು ಎಂದು ಗೊತ್ತಾದದ್ದೇ ತನ್ನ ಚುಕ್ಕಾಣಿಯನ್ನು ಬಿಚ್ಚಿ ತಂದು ಇವರ ಮುಂದೆ ಇಟ್ಟ. ನನ್ನ ಬೋಟು ಇಷ್ಟು ದಿನ ಕಂಡವರ ಕೈಯಲ್ಲಿ ಸಿಕ್ಕು ಸೊರಗಿದೆ ವೈನಿ, ಇನ್ನು ನಿಶ್ಚಿಂತೆ ಎಂದು ನನ್ನ ಹತ್ತಿರವೂ ಹೇಳಿ ಹೋದ.

ಬುತ್ತಿ ಒಯ್ದ ದಿನ ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಇವರು ಗಾಜು ಹಿಡಿದು ವೆಲ್ಡಿಂಗ್ ರಾಡನ್ನು ಕಬ್ಬಿಣಕ್ಕೆ ತಾಗಿಸಿದರು. ಚುಂಯ್ ಎಂದು ಬೆಳಕು ಬಂತು, ಹೋಯಿತು. ರಾಡು ಕಬ್ಬಿಣಕ್ಕೆ ಅಂಟಿಕೊಂಡಿತು. ಅಲುಗಾಡಿಸಿ ಕಿತ್ತು ಮತ್ತೆ ತಾಗಿಸಿದರು, ಮತ್ತೆ ಅಂಟಿತು. ಹೊಸದಾಗಿ ಕಲಿಯುವವರಿಗೆ ಹಾಗೆ ರಾಡು ಅಂಟುವುದನ್ನು ನಾನು ಅದೇ ಶೆಡ್ಡಿನಲ್ಲಿ ಎಷ್ಟೋ ಸಲ ನೋಡಿ ನಕ್ಕಿದ್ದೆ. ಇವರು ಗಾಜು ಸರಿಸಿ ನನ್ನನ್ನು ಕಂಡು, ಮಳೆಗಾಲ ನೋಡು, ರಾಡಿಗೆ ತೇವ ಹಿಡಿದಿದೆ ಎಂದರು. ಮಳೆಗಾಲದಲ್ಲಿ ರಾಡಿಗೆ ತೇವ ಹಿಡಿಯುವುದು ಸುಳ್ಳಲ್ಲ. ಶೆಡ್ಡಿನ ಹುಡುಗರು ರಾಡು ಬಿಸಿ ಮಾಡಿ ತಂದು ಕೊಟ್ಟರು. ಈ ಸಲ ಬೆಳಕು ಆರದೆ ನಿಂತಿತು. ಆದರೆ ಆ ಬೆಳಕು ಒಂದೇ ಸಮನೆ ಇರಲಿಲ್ಲ, ಹೆಚ್ಚುಕಡಿಮೆ ಆಗುತ್ತಿತ್ತು. ಅದರ ಸದ್ದೂ ಕಡಿದು ಕಡಿದು ಬರುತ್ತಿತ್ತು. ನಾನು ತೇವ ಎಂದೇ ನಂಬಿ ಬುತ್ತಿ ಇಟ್ಟು ಬಂದೆ.

ಎರಡು ದಿನ ಬಿಟ್ಟು ಹೋದಾಗ ಚುಕ್ಕಾಣಿ ಮುಗಿದಿತ್ತು. ಗ್ರೈಂಡರಿನಿಂದ ಉಜ್ಜಿ ನುಣ್ಣಗೆ ಮಾಡಿ ಮೇಲೆ ಕೆಂಪು ಬಣ್ಣ ಹಚ್ಚಿದ್ದರು. ನಾನು ಅದರ ಮೇಲೆ ಕೈಯಾಡಿಸಿದೆ. ಕೂಡಿಸಿದ್ದು ಎಲ್ಲಿ ಎಂದು ಬೆರಳಿಗೆ ಸಿಗಲಿಲ್ಲ. ಇವರು ನನ್ನ ಕಡೆ ನೋಡಲಿಲ್ಲ. ಬಣ್ಣ ಇನ್ನೂ ಒಣಗಿಲ್ಲ, ಸೀರೆಗೆ ತಾಗುತ್ತದೆ ಎಂದಷ್ಟೇ ಹೇಳಿದರು.

ಶ್ರಾವಣದ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಬೋಟುಗಳು ಒಂದೊಂದಾಗಿ ಇಳಿದವು. ತಾಂಡೇಲನ ಬೋಟೂ ಬೆಳಗಿನ ಜಾವ ಹೋಯಿತು ಎಂದು ಇವರೇ ಬಂದು ಹೇಳಿದರು. ಆ ದಿನವೆಲ್ಲ ಇವರು ಎಲ್ಲೂ ಹೋಗಲಿಲ್ಲ. ಜಗುಲಿಯ ಮೇಲೆ ಕೂತರು, ಎದ್ದರು, ಬಾವಿಯ ರಾಟೆಗೆ ಎಣ್ಣೆ ಬಿಟ್ಟರು. ನನ್ನ ಕಿವಿಯೂ ಹಿತ್ತಲ ಕಡೆಗೇ ಇತ್ತು. ಯಾರೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಇವರು ಸಾಮಾನಿನ ಚೀಲವನ್ನು ತೆಗೆದು ಬಾಗಿಲ ಬಳಿ ಇಟ್ಟರು. ಹೊರಡುವವರೋ ಎಂದುಕೊಂಡೆ, ಹೊರಡಲಿಲ್ಲ. ಚೀಲ ಅಲ್ಲೇ ಇತ್ತು.

ಮೂರನೆಯ ದಿನ ಮಧ್ಯಾಹ್ನಕ್ಕೆ ಮುಂಚೆ ತಾಂಡೇಲನ ತಾಯಿ, ನಾವೆಲ್ಲ ಆಯಿ ಎಂದು ಕರೆಯುವವಳು, ಬುಟ್ಟಿ ಹೊತ್ತು ಹಿತ್ತಲಿಗೆ ಬಂದಳು. ನನ್ನ ಎದೆಯ ಮೇಲಿನ ಭಾರ ಇಳಿಯಿತು. “ಬಂಗಡೆ ಬಂದದೆ ಮಗಾ, ಸಾರು ಮಾಡು,” ಎಂದವಳು ಕೂರಲಿಲ್ಲ, ನೀರೂ ಕುಡಿಯಲಿಲ್ಲ, ಬುಟ್ಟಿ ಆಮೇಲೆ ಕಳಿಸು ಎಂದು ಹೊರಟೇಬಿಟ್ಟಳು. ಒಳಗೆ ಹೋಗಿ ಮೀನು ಬಂತು ಎಂದೆ. ಇವರ ಮುಖ ಅರಳಿದ್ದನ್ನು ನಾನು ಬಹಳ ದಿನದ ಮೇಲೆ ನೋಡಿದೆ. ಬಾಗಿಲ ಬಳಿಯ ಚೀಲವನ್ನು ಎತ್ತಿ ಮೂಲೆಗೆ ಇಟ್ಟರು. ಅದೇ ಉಮೇದಿನಲ್ಲಿ, ನಾಳೆ ಇನ್ನೊಂದು ಬೋಟಿನ ಚುಕ್ಕಾಣಿ ಬರುತ್ತದೆ, ದೊಡ್ಡ ಬೋಟು, ಹೊರ ಸಮುದ್ರಕ್ಕೆ ಹೋಗುವುದು ಎಂದರು.

ನಾನು ಎಲೆ ಸರಿಸಿ ಮೀನು ಕೊಯ್ಯಲು ಕೂತೆ. ಮೊದಲನೆಯದನ್ನು ಕೈಗೆತ್ತಿಕೊಂಡಾಗಲೇ ಅದರ ಹೊಟ್ಟೆ ಮೆತ್ತಗೆ ಅನಿಸಿತು. ಕಣ್ಣು ಒಳಗಿಳಿದು ಬೆಳ್ಳಗಾಗಿತ್ತು. ಕಿವಿರು ಎತ್ತಿ ನೋಡಿದರೆ ಕೆಂಪಿಲ್ಲ, ಕಂದು. ಅದು ಹಿಂದಿನ ದಿನ ಹಿಡಿದ ಮೀನೂ ಅಲ್ಲ. ಎಲ್ಲಿಂದಲೋ ಲಾರಿಯಲ್ಲಿ ಐಸಿನೊಳಗೆ ಬಂದು, ಪೇಟೆಯ ಕಟ್ಟೆಯ ಮೇಲೆ ಮಾರಾಟಕ್ಕೆ ಕೂತ ಮೀನು. ನಾನು ಗದ್ದೆಯವರ ಮಗಳಾದರೂ ಇಷ್ಟು ವರ್ಷ ಕೋಡಿಬಾಗದಲ್ಲಿ ಮೀನು ಕೊಯ್ದವಳು, ಅಷ್ಟು ಗೊತ್ತಾಗುತ್ತದೆ. ಬೋಟಿನ ಮನೆಯವರು ದುಡ್ಡು ಕೊಟ್ಟು ಪೇಟೆಯ ಮೀನು ತರುವುದು ಎಂದರೆ ಎಂಥ ನಾಚಿಕೆ ಎಂಬುದೂ ಗೊತ್ತಿತ್ತು. ಒಳಗಿನಿಂದ ಇವರು, ಕಾರ ಸ್ವಲ್ಪ ಮುಂದಿರಲಿ ಎಂದು ಕೂಗಿದರು. ಹೂಂ ಎಂದೆ. ಕೊಯ್ದೆ, ಹುಳಿ ಹಾಕಿ ಸಾರು ಮಾಡಿದೆ, ಬಡಿಸಿದೆ. ಇವರು ಎರಡು ಸಲ ಅನ್ನ ಹಾಕಿಸಿಕೊಂಡರು.

ಇವರು ಉಂಡು ಮಲಗಿದ ಮೇಲೆ ಬುಟ್ಟಿ ತೊಳೆದು ಹಿಡಿದು ಆಯಿಯ ಮನೆಗೆ ನಡೆದೆ. ದಾರಿಯಲ್ಲಿ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ನಮಗೆ ಕರುಣೆ ತೋರಿಸಲು ಇವಳು ಯಾರು? ಮೀನು ಕಳಿಸದೆ ಇದ್ದಿದ್ದರೆ ಇವರು ಚೀಲ ಎತ್ತಿಕೊಂಡು ಹೋಗುತ್ತಿದ್ದರು, ಸರಿ ಮಾಡಿ ಬರುತ್ತಿದ್ದರು. ಸರಿ ಮಾಡಲು ಆಗುತ್ತಿತ್ತೇ ಎಂಬ ಪ್ರಶ್ನೆ ಸಿಟ್ಟಿನ ಬೆನ್ನಿಗೇ ಬರುತ್ತಿತ್ತು, ಅದನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಆಯಿ ಬಾಗಿಲಲ್ಲೇ ಕೂತಿದ್ದಳು. ನನ್ನ ಮುಖ ನೋಡಿದವಳೇ ಎಲ್ಲ ತಿಳಿದುಕೊಂಡಳು. ಸುತ್ತ ಯಾರೂ ಇಲ್ಲ ಎಂದು ನೋಡಿ ಸಣ್ಣ ದನಿಯಲ್ಲಿ ಹೇಳಿದಳು. ಹೊಳೆ ಸಮುದ್ರ ಸೇರುವ ಅಳಿವೆಯನ್ನು ಬೋಟು ದಾಟುವಾಗ ಚುಕ್ಕಾಣಿ ಕೂಡಿಸಿದಲ್ಲೇ ಬಿಟ್ಟುಕೊಂಡಿತ್ತು. ಅಲೆಗೆ ಅಡ್ಡ ತಿರುಗಿ ಮಗುಚುವುದೊಂದು ಬಾಕಿ. ಹಿಂದೆ ಬರುತ್ತಿದ್ದ ಇನ್ನೊಂದು ಬೋಟಿನವರು ಹಗ್ಗ ಎಸೆದು ಎಳೆದು ತಂದರು. ಒಳಗೆ ತಾಂಡೇಲನ ಜೊತೆ ಅವನ ತಮ್ಮಂದಿರೂ ಇದ್ದರು. ಯಾರ ಹತ್ತಿರವೂ ಹೇಳಬಾರದು ಎಂದು ಅವನು ಎಲ್ಲರಿಂದ ಆಣೆ ಹಾಕಿಸಿ, ಚುಕ್ಕಾಣಿಯನ್ನು ಗುಟ್ಟಾಗಿ ಅಂಕೋಲೆಯ ಕಡೆ ಒಯ್ದು ಬೇರೆಯವರಿಂದ ಮಾಡಿಸುತ್ತಿದ್ದ.

“ಮೀನು ಕಳ್ಸದೇ ಇದ್ರೆ ಅವ್ನಿಗೆ ತಿಳೀತದೆ,” ಎಂದಳು ಆಯಿ. “ತಿಳಿದ್ರೆ ಅವ ಮತ್ತೆ ರಾಡು ಹಿಡೂದಿಲ್ಲ ಮಗಾ. ಕೈಗೆ ಅಭ್ಯಾಸ ತಪ್ಪದೆ ಅಷ್ಟೇ. ಮಾಡ್ತಾ ಮಾಡ್ತಾ ಬತ್ತದೆ.”

ನನಗೆ ಅವಳ ಕಾಲು ಹಿಡಿಯಬೇಕು ಎನಿಸಿತು, ಅವಳನ್ನು ಹಿಡಿದು ಅಲುಗಾಡಿಸಬೇಕು ಎಂದೂ ಎನಿಸಿತು. ಮಾಡ್ತಾ ಮಾಡ್ತಾ ಬರುವುದಾದರೆ ಯಾರ ಬೋಟಿನ ಮೇಲೆ? ನಾಳೆಯ ಬೋಟು ಹೊರ ಸಮುದ್ರಕ್ಕೆ ಹೋಗುವುದು. ಅಲ್ಲಿ ಹಗ್ಗ ಎಸೆಯಲು ಹಿಂದೆ ಯಾರು ಇರುತ್ತಾರೆ? ತನ್ನ ಮಕ್ಕಳು ಸಾಯುವುದರಲ್ಲಿದ್ದರೂ ಇವಳು ಪೇಟೆಗೆ ಹೋಗಿ, ಪರಿಚಯದ ಮೀನುಗಾರ್ತಿಯರ ಮುಂದೆಯೇ ಮೀನು ಕೊಂಡು ತಂದಿದ್ದಾಳೆ. ಅವಳ ಒಳ್ಳೆಯತನ ಇನ್ನಾರನ್ನೋ ಕೊಲ್ಲುತ್ತದೆ ಎಂದು ಅವಳಿಗೆ ಹೇಗೆ ಹೇಳುವುದು? ಬುಟ್ಟಿ ಇಟ್ಟು ಎದ್ದು ಬಂದೆ.

ಮನೆಗೆ ಬಂದಾಗ ಇವರು ಎದ್ದು ಅಂಗಳದಲ್ಲಿ ನಿಂತಿದ್ದರು. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. “ನಾಳೆ ಆ ಬೋಟಿನ ಕೆಲ್ಸ ಹಿಡೂದು ಬೇಡ,” ಎಂದೆ.

ಇವರು ಆಶ್ಚರ್ಯಪಡಲಿಲ್ಲ. “ಮೊದಲ್ನೇ ತುತ್ತಿಗೇ ಗೊತ್ತಾಯ್ತು,” ಎಂದರು.

ಗೊತ್ತಾದ ಮೇಲೂ ಎರಡೆರಡು ಸಲ ಹಾಕಿಸಿಕೊಂಡು ಉಂಡಿರಲ್ಲ ಎಂದು ನನಗೆ ಅಳುವೇ ಬಂತು. ಇವರು ತಮ್ಮ ಬಲಗೈಯನ್ನು ನೋಡುತ್ತ ಹೇಳಿದರು: “ಆ ಆಯಿ ಹುಟ್ಟಿದ ಮೇಲೆ ಮೀನಿಗೆ ದುಡ್ಡು ಕೊಟ್ಟದ್ದು ಇದೇ ಮೊದ್ಲು ಆಗಿರೂಕೆ ಸಾಕು. ನಾ ಬಿಟ್ಟು ಏಳೂಕೆ ಆಗ್ತದಾ?”

ಆಮೇಲೆ ಇವರು ಎಂದೂ ಮಾತನಾಡದಷ್ಟು ಮಾತನಾಡಿದರು. ರಾಡು ಹಿಡಿದಾಗ ಅದು ಕರಗುತ್ತ ಗಿಡ್ಡವಾಗುತ್ತ ಬರುತ್ತದೆ, ಅಷ್ಟಷ್ಟೇ ಕೈಯನ್ನು ಕೆಳಗೆ ಇಳಿಸುತ್ತ ಹೋಗಬೇಕು. ಮೊದಲು ಕೈ ತಾನೇ ಇಳಿಯುತ್ತಿತ್ತು, ತಾನು ಇಳಿಸುತ್ತಿದ್ದೇನೆ ಎಂಬ ನೆನಪೂ ಇರುತ್ತಿರಲಿಲ್ಲ. ಈಗ ಇಳಿಸು ಎಂದು ಹೇಳಿದರೆ ಇಳಿಯುತ್ತದೆ, ಹೇಳುವಷ್ಟರಲ್ಲಿ ತಡವಾಗಿರುತ್ತದೆ. ಹುಷಾರಾಗಿ ಹಿಡಿಯಲು ಹೋದರೆ ನಡುಗುತ್ತದೆ. ಬೆಂಕಿ ಕಂಡರೆ ಕಣ್ಣು ಹೆದರುತ್ತದೆ. ಇಷ್ಟು ವರ್ಷ ಬೆಂಕಿಯನ್ನೇ ನೋಡಿಲ್ಲವಲ್ಲ ಎಂದರು. ಬಂಡಿ ಹೋಗುವುದನ್ನು ನೋಡುತ್ತ ನಿಂತ ವರ್ಷಗಳಲ್ಲಿ, ದಿನಕ್ಕೊಂದಿಷ್ಟು ಎಂಬಂತೆ ಕೈ ಹೋಗುತ್ತಿತ್ತು, ತಿಳಿಯಲಿಲ್ಲ ಎಂದರು. ಚುಕ್ಕಾಣಿಯನ್ನು ಉಜ್ಜುವಾಗ ತಿಳಿದಿತ್ತು ಎಂದೂ ಹೇಳಿದರು. ಮೀನು ಬಂತು ಎಂದಾಗ, ತಿಳಿದದ್ದು ತಪ್ಪೇನೋ ಎಂದು ಆಸೆಯಾಯಿತಂತೆ. ಕೆಲಸವನ್ನು ಮಶೀನು ಒಯ್ದದ್ದು ನನಗೆ ಗೊತ್ತಿತ್ತು. ಅದಕ್ಕೂ ಮೊದಲೇ ಕೈಯನ್ನು ಒಯ್ದಿತ್ತು ಎಂದು ಗೊತ್ತಾದದ್ದು ಆ ಸಂಜೆ.

ಮಾರನೆಯ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಬೇಡ ಎನ್ನಲಿಲ್ಲ. ಶೆಡ್ಡಿನ ಮುಂದೆ ದೊಡ್ಡ ಬೋಟಿನ ಚುಕ್ಕಾಣಿ ಬಂದು ಬಿದ್ದಿತ್ತು. ಅದರ ಮಾಲೀಕರು, ಅವರ ಜೊತೆಗೆ ಬೋಟಿನಲ್ಲಿ ಹೋಗುವ ಕೆಲವರು, ಶೆಡ್ಡಿನ ಯಜಮಾನರು ಎಲ್ಲ ಚಹಾ ಕುಡಿಯುತ್ತ ನಿಂತಿದ್ದರು. ತಾಂಡೇಲನೂ ಇದ್ದ, ಇವರನ್ನು ಕಂಡು ಗಾಬರಿಯಿಂದ ನಗಲು ನೋಡಿದ. ಇವರು ಯಾರನ್ನೂ ಬದಿಗೆ ಕರೆಯಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, ಆ ದಂಡೆಯ ಮೇಲೆ ಯಾರೂ ಆಡದ ಮಾತನ್ನು ಆಡಿದರು: “ನಾ ಮಾಡಿದ ಚುಕ್ಕಾಣಿ ಮುರೀತು. ನನ್ನ ಕೈ ಕೆಟ್ಟು ಹೋಗದೆ. ಇದ್ನ ಬೇರೆಯವ್ರ ಹತ್ರ ಮಾಡ್ಸಿ.”

ಮಾಲೀಕರು ಕೈಯಲ್ಲಿದ್ದ ಚಹಾವನ್ನು ಅರ್ಧಕ್ಕೇ ಚೆಲ್ಲಿದರು. ತಾಂಡೇಲ ಮುಖ ಆಚೆ ತಿರುಗಿಸಿಕೊಂಡು ಹೊಳೆಯ ಕಡೆ ನಡೆದ. 

ನಾವು ಮನೆಯ ಕಡೆ ತಿರುಗಿದೆವು. ಬಿಸಿಲು ಆಗಷ್ಟೇ ಏರುತ್ತಿತ್ತು. ಆಫೀಸಿಗೆ ಹೋಗುವವರು, ಮೀನಿನ ಬುಟ್ಟಿಯವರು, ಶಾಲೆಯ ಮಕ್ಕಳು ಎಲ್ಲರೂ ನಮ್ಮ ಎದುರಿನಿಂದ ಬರುತ್ತಿದ್ದರು. ಆ ಹೊತ್ತಿನಲ್ಲಿ ಮನೆಯ ಕಡೆ ಹೋಗುತ್ತಿದ್ದವರು ನಾವಿಬ್ಬರೇ. ಇವರು ನನಗಿಂತ ಒಂದು ಹೆಜ್ಜೆ ಹಿಂದೆ ಬರುತ್ತಿದ್ದರು, ಹಾಗೆ ಎಂದೂ ಬಂದವರಲ್ಲ. ಸ್ವಲ್ಪ ದೂರ ಬಂದ ಮೇಲೆ ನನ್ನನ್ನು ಕರೆದು ಕೇಳಿದರು:

“ನಾಳೆ ಬೆಳಿಗ್ಗೆ ನಾ ಎಷ್ಟೊತ್ತಿಗೆ ಏಳೂದು?”

ಮೀಸೆ ಮೂಡುವ ಮೊದಲಿಂದ ಬೆಳಕು ಹರಿಯುವಾಗ ಎದ್ದು ಕೆಲಸಕ್ಕೆ ಹೋದವರು. ನಿಮಗೆ ಎಚ್ಚರ ಆದಾಗ ಏಳಿ, ಅದಕ್ಕೇನು ಎಂದುಬಿಟ್ಟೆ. ಇವರು ದಾರಿಯ ಬದಿಯ ಕಾಂಪೌಂಡು ಗೋಡೆಗೆ ಒಂದು ಕೈ ಕೊಟ್ಟು ನಿಂತರು, ಎದುರಿನಿಂದ ಬರುವವರು ನೋಡುತ್ತಿದ್ದ ಹಾಗೆಯೇ ಅತ್ತರು.